ದಂಡಿನ ವಾದ್ಯಗಾರರು

ಪ್ರತಿವರ್ಷವೂ ಸೆಪ್ಟೆಂಬರ ೧೭ನೆಯ ದಿನ ಮರಾಠವಾಡಾ ಮುಕ್ತಿದಿನದ ನಿಮಿತ್ತವಾಗಿ ದಾಳಿಂಬ ಮೊದಲ್ಗೊಂಡು ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಶಾಲೆಗಳಲ್ಲಿ ಧ್ವಜಾರೋಹಣವಾಗುತ್ತದೆ. ಮಕ್ಕಳು ಸಾಲಾಗಿ ನಡೆಯುವಾಗ ಮುಂದಿನ ಹುಡುಗನ ಕೊರಳಲ್ಲಿ ಡ್ರಮ್ಮು ತೂಗುತ್ತಿರುತ್ತದೆ. ಅದರ ಪೆಟ್ಟಿಗೆ ಸರಿಯಾಗಿ ಎಡಗಾಲು ನೆಲಕ್ಕೆ ತಾಗಬೇಕೆಂದು ಗುರುಗಳು ಮತ್ತೆ ಮತ್ತೆ ಹೇಳಿಕೊಟ್ಟಿರುತ್ತಾರೆ. ಆ ದಿನದ ಭಾಷಣಗಳಲ್ಲಿ ೧೯೪೮ರ ಕಥೆ ಬರುತ್ತದೆ. ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದ ಸೇನೆಯು ಸೊಲ್ಲಾಪುರದಿಂದ ಹೊರಟು ನಮ್ಮ ಸೀಮೆಯ ಹೆದ್ದಾರಿಯನ್ನೇ ಹಿಡಿದು ಹೈದರಾಬಾದಿನತ್ತ ಸಾಗಿದುದನ್ನು ನಾವು ಮಕ್ಕಳಿಗೆ ವರ್ಣಿಸುತ್ತೇವೆ. ತೋಪಿನ ಮಾತು, ಟ್ಯಾಂಕಿನ ಮಾತು ಬರುತ್ತದೆ. ಹುಡುಗನ ಕೊರಳಲ್ಲಿರುವ ಆ ಡ್ರಮ್ಮು ಕೂಡ ಸೇನೆಯಿಂದಲೇ ಶಾಲೆಗೆ ಬಂದುದು, ವಾದ್ಯ ನುಡಿಸುವುದನ್ನೇ ವೃತ್ತಿಯಾಗಿ ಉಳ್ಳ ಸಿಪಾಯಿಗಳು ಸೇನೆಯಲ್ಲಿ ಇಂದಿಗೂ ಉಂಟು ಎಂಬ ಮಾತು ಮಾತ್ರ ಎಲ್ಲಿಯೂ ಬರುವುದಿಲ್ಲ. ಆ ವೃತ್ತಿಯ ಸ್ವರೂಪವೇನು, ಅದಕ್ಕೆ ಬೇಕಾದ ವಿದ್ಯೆ ಯಾವುದು, ನಮ್ಮ ಸೀಮೆಯ ಮಕ್ಕಳಿಗೆ ಅದು ಎಟುಕತಕ್ಕದ್ದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲೆಳಸಿದ್ದೇವೆ.

ಸೈನ್ಯದಲ್ಲಿ ಸಂಗೀತವು ವಿನೋದಕ್ಕಾಗಿ ಹುಟ್ಟಿದುದಲ್ಲ. ತಂತಿಯೂ ರೇಡಿಯೋವೂ ಇಲ್ಲದ ಕಾಲದಲ್ಲಿ ಸಾವಿರ ಜನರ ದಂಡಿಗೆ ಏಕಕಾಲದಲ್ಲಿ ಒಂದು ಆಜ್ಞೆಯನ್ನು ಮುಟ್ಟಿಸುವ ಬಗೆ ಹೇಗೆ? ಮನುಷ್ಯನ ಕೂಗು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಕಹಳೆಯ ಧ್ವನಿ ಮುಳುಗುವುದಿಲ್ಲ. ನಮ್ಮ ಹಳೆಯ ಕೋಟೆಗಳಲ್ಲಿ ನಗಾರಿಖಾನೆ ಇದ್ದುದೂ, ಅರಸರ ದಂಡಿನೊಡನೆ ಕೊಂಬು ಕಹಳೆಗಳು ಹೋಗುತ್ತಿದ್ದುದೂ ಇದೇ ಕಾರಣದಿಂದ. ಇಂದಿನ ಪಲ್ಟಣಗಳಲ್ಲಿ ಆ ಕೆಲಸ ಬ್ಯೂಗಲಿಗೆ ಬಂದಿದೆ. ಬೆಳಿಗ್ಗೆ ಏಳಲು ಒಂದು ಕರೆ, ಕೂಡಿ ನಿಲ್ಲಲು ಒಂದು ಕರೆ, ಊಟಕ್ಕೆ ಒಂದು, ಸೂರ್ಯಾಸ್ತಕ್ಕೆ ಧ್ವಜ ಇಳಿಸುವಾಗ ಒಂದು.

ಬ್ಯೂಗಲಿನ ರಚನೆಯನ್ನು ಕುರಿತು ಎರಡು ಮಾತು ಹೇಳಬೇಕು. ಸನಾದಿಗೆ ಇರುವಂತೆ ಇದಕ್ಕೆ ರಂಧ್ರಗಳಿಲ್ಲ, ಒತ್ತುವ ಕೀಲಿಗಳೂ ಇಲ್ಲ; ಆದುದರಿಂದ ಬೆರಳಿಗೆ ಇಲ್ಲಿ ಕೆಲಸವೇ ಇಲ್ಲ. ಸುರುಳಿ ಸುತ್ತಿದ ಒಂದು ಹಿತ್ತಾಳೆಯ ಕೊಳವೆ, ಅಷ್ಟೆ. ತುಟಿಗಳನ್ನು ಬಿಗಿಹಿಡಿದಂತೆ ಸ್ವರ ಮೇಲಕ್ಕೆ ಹಾರುತ್ತದೆ, ಸಡಿಲಿಸಿದಂತೆ ಕೆಳಕ್ಕೆ ಇಳಿಯುತ್ತದೆ. ಹಾಗೆ ದೊರೆಯುವುವು ಷಡ್ಜ, ಪಂಚಮ, ಶುದ್ಧ ಗಾಂಧಾರ ಎಂಬ ಮೂರೇ ಸ್ವರಗಳು. ಅವನ್ನೇ ಮೇಲಿನ ಕೆಳಗಿನ ಸ್ಥಾಯಿಗಳಲ್ಲಿ ಎಣಿಸಿದರೆ ಐದು. ದಂಡಿನ ಕರೆಗಳೆಲ್ಲವೂ ಈ ಐದರ ಜೋಡಣೆಯಿಂದಾದುವು. ಐದು ಸ್ವರಗಳಿಂದ ಒಂದು ಭಾಷೆಯನ್ನೇ ಕಟ್ಟಿದರೆಂಬುದು ಸಂಗೀತ ಬಲ್ಲವರಿಗೂ ಆಶ್ಚರ್ಯವನ್ನುಂಟುಮಾಡತಕ್ಕ ಸಂಗತಿ.

ಇನ್ನು ಡ್ರಮ್ಮಿನ ಕೆಲಸ ಅಳತೆಯದು. ಶೀಘ್ರನಡಿಗೆಯಲ್ಲಿ ಸಿಪಾಯಿಯು ಒಂದು ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆ ಇಡುತ್ತಾನೆ. ಒಂದೊಂದು ಹೆಜ್ಜೆ ೩೦ ಅಂಗುಲ. ವಿದ್ಯಾರ್ಥಿ ಮಿತ್ರರು ಗುಣಿಸಿ ನೋಡಬಹುದು, ನಿಮಿಷಕ್ಕೆ ಸರಿಯಾಗಿ ೧೦೦ ಗಜವಾಗುತ್ತದೆ. ಅಂದರೆ ಡ್ರಮ್ಮು ಬಾರಿಸುವವನ ಕೈ ತಪ್ಪದಿದ್ದರೆ, ಇಷ್ಟು ಹೊತ್ತಿನಲ್ಲಿ ಪಲ್ಟಣ ಇಷ್ಟು ದೂರ ಹೋಗಿರುತ್ತದೆಂದು ಸೇನಾಧಿಕಾರಿಯು ಗಡಿಯಾರ ನೋಡಿಯೇ ಹೇಳಬಹುದು. ನಡಿಗೆಯ ಧಾಟಿಗಳೂ ಒಂದೇ ತೆರನಾಗಿರುವುದಿಲ್ಲ. ಕೆಲವು ಧಾಟಿಗಳಲ್ಲಿ ಒಂದೊಂದು ಹೆಜ್ಜೆಯೊಳಗೆ ಮೂರು ಮೂರು ಪೆಟ್ಟುಗಳು ಅಡಗಿರುತ್ತವೆ. ನಮ್ಮ ತಾಳಪದ್ಧತಿಯಲ್ಲಿ ಇದನ್ನು ತ್ರಿಶ್ರನಡೆ ಎನ್ನುತ್ತೇವೆ. ಲೇಜೀಮು ಆಡಿ ಬಲ್ಲ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾಲಿಗೇ ತಿಳಿಯುತ್ತದೆ.

ಆದರೆ ಹತ್ತು ಪಲ್ಟಣಗಳ ವಾದ್ಯಗಾರರು ಒಂದೆಡೆ ಸೇರಿದರೆ ಆಗುವುದೇನು? ಇದರ ಬಗ್ಗೆ ಒಂದು ಹಳೆಯ ಕಥೆ ಪ್ರಸಿದ್ಧವಾಗಿದೆ. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಕಾಲಕ್ಕೆ ತುರ್ಕಸ್ಥಾನದ ಸ್ಕುಟಾರಿಯಲ್ಲಿ ಬ್ರಿಟಿಷ್ ಸೇನೆಯು ರಾಣಿಯ ಜನ್ಮದಿನವನ್ನು ಆಚರಿಸಿತು. ಕೂಡಿದ್ದ ಬ್ಯಾಂಡುಗಳೆಲ್ಲ ತಮ್ಮ ರಾಷ್ಟ್ರಗೀತವನ್ನು ಒಮ್ಮೆಲೇ ನುಡಿಸತೊಡಗಿದುವು. ಒಬ್ಬೊಬ್ಬರ ಶ್ರುತಿ ಒಂದೊಂದು, ಒಬ್ಬೊಬ್ಬರ ಜೋಡಣೆ ಒಂದೊಂದು! ಮಿತ್ರರಾಷ್ಟ್ರಗಳ ಸೇನಾನಿಗಳ ಮುಂದೆ ಆದ ಆ ಮುಖಭಂಗದ ತರುವಾಯ, ೧೮೫೭ರಲ್ಲಿ, ಇಂಗ್ಲೆಂಡಿನ ನೆಲ್ಲರ್ ಹಾಲ್ ಎಂಬಲ್ಲಿ ಸೈನಿಕ ಸಂಗೀತದ ಶಾಲೆ ಪ್ರಾರಂಭವಾಯಿತು. ಒಂದು ಶ್ರುತಿ, ಒಂದು ಸ್ವರಲಿಪಿ, ಒಂದು ಪಾಠಕ್ರಮ ಎಂಬುದು ಅಲ್ಲಿಂದ ಸೇನೆಗಳಲ್ಲಿ ನೆಲೆಗೊಂಡಿತು.

ನಮ್ಮ ದೇಶಕ್ಕೆ ಅಂಥ ಶಾಲೆಯನ್ನು ದೊರಕಿಸಿಕೊಟ್ಟವರು ಕನ್ನಡ ನಾಡಿನವರು ಎಂಬುದನ್ನು ಹೇಳಲು ನಮಗೆ ಹೆಮ್ಮೆಯೆನಿಸುತ್ತದೆ. ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪನವರು ೧೯೪೯ರ ಜನವರಿ ೧೫ರಂದು ಭಾರತೀಯ ಭೂಸೇನೆಯ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ಅವರ ಆಶ್ರಯದಲ್ಲಿಯೇ ೧೯೫೦ರಲ್ಲಿ ಮಧ್ಯಪ್ರದೇಶದ ಪಚಮಢಿಯಲ್ಲಿ, ಸಾತಪುಡಾ ಬೆಟ್ಟಗಳ ನಡುವೆ, ಸೈನಿಕ ಸಂಗೀತ ವಿಭಾಗವು ಸ್ಥಾಪಿತವಾಯಿತು. ಭೂಸೇನೆಯ ವಾದ್ಯಗಾರರಿಗೆ ಅದೇ ಗುರುಕುಲ. ಹೊಸದಾಗಿ ಸೇರಿದವನು ಅಲ್ಲಿ ಮೊದಲನೆಯ ಸ್ವರ ಕಲಿಯುತ್ತಾನೆ. ನುರಿತ ಹವಾಲ್ದಾರನು ಬ್ಯಾಂಡ್ ಮಾಸ್ಟರನಾಗಲು ಅಲ್ಲಿಗೇ ಮರಳುತ್ತಾನೆ. ನೆರೆಯ ಮಿತ್ರರಾಷ್ಟ್ರಗಳ ಸೈನಿಕರೂ ಬಂದು ಕಲಿಯುವುದುಂಟು. ನೌಕಾಪಡೆಗೆ ಬೇರೆಯೇ ಸಂಗೀತಶಾಲೆ ಇದೆ. ಅದು ಮುಂಬಯಿಯ ಕುಲಾಬಾದಲ್ಲಿ ಐ. ಎನ್. ಎಸ್. ಕುಂಜಾಲಿ ಎಂಬ ನೆಲೆಯಲ್ಲಿದೆ.

ನಮ್ಮ ರಾಷ್ಟ್ರಗೀತದ ಆಯ್ಕೆಯಲ್ಲಿಯೂ ಸೈನ್ಯದ ವಾದ್ಯಗಾರರ ಪಾತ್ರವಿತ್ತೆಂಬುದನ್ನು ಬಹುಮಂದಿ ಅರಿಯರು. ಸ್ವಾತಂತ್ರ್ಯ ಬಂದ ಕೂಡಲೇ ಒಂದು ತೊಡಕು ಎದ್ದಿತು. ಬ್ರಿಟಿಷ್ ದೊರೆಯ ಗೀತವನ್ನು ನಮ್ಮ ಪಲ್ಟಣಗಳು ಇನ್ನು ನುಡಿಸಲಾಗದು. ಹಾಗಾದರೆ ನುಡಿಸತಕ್ಕದ್ದು ಯಾವುದು? ೧೯೪೭ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇರಿದಾಗ ನಿಮ್ಮ ರಾಷ್ಟ್ರಗೀತ ಕೊಡಿರೆಂದು ನಮ್ಮ ನಿಯೋಗವನ್ನು ಕೇಳಿದರು. ನಿಯೋಗದವರ ಬಳಿ ‘ಜನಗಣಮನ’ದ ಒಂದು ಧ್ವನಿಮುದ್ರಿಕೆ ಇತ್ತು, ಅದನ್ನೇ ಕೊಟ್ಟರು. ಅಲ್ಲಿಯ ವಾದ್ಯಮೇಳ ಅದನ್ನು ನುಡಿಸಿದಾಗ ಸಭೆಗೆ ಬಹಳ ಮೆಚ್ಚಿಕೆಯಾಯಿತು. ೧೯೪೮ರ ಆಗಸ್ಟ್ ೨೫ರಂದು ಪಂಡಿತ ನೆಹರೂ ಅವರು ಸಂವಿಧಾನ ಸಭೆಯಲ್ಲಿ ಈ ಪ್ರಸಂಗವನ್ನು ವಿವರಿಸಿ, ರಾಷ್ಟ್ರಗೀತಕ್ಕೆ ಶಬ್ದಗಳಿಗಿಂತಲೂ ಧಾಟಿ ಮುಖ್ಯವೆಂದೂ, ಅದು ಸೈನ್ಯದ ಬ್ಯಾಂಡುಗಳಿಗೂ ವಾದ್ಯಮೇಳಗಳಿಗೂ ಒಗ್ಗುವಂತಿರಬೇಕೆಂದೂ ಅಭಿಪ್ರಾಯಪಟ್ಟರು. ೧೯೫೦ರ ಜನವರಿ ೨೪ರಂದು ಆ ಗೀತವು ಅಂಗೀಕೃತವಾಯಿತು.

ಅದನ್ನು ನುಡಿಸುವ ನಿಯಮಗಳಾದರೂ ಎಷ್ಟು ಸೂಕ್ಷ್ಮವಾಗಿವೆ ನೋಡಿರಿ. ಪೂರ್ಣಗೀತಕ್ಕೆ ಸುಮಾರು ೫೨ ಸೆಕೆಂಡು. ಬ್ಯಾಂಡು ಅದನ್ನು ನುಡಿಸುವ ಮೊದಲು ಡ್ರಮ್ಮುಗಳ ಮೊರೆತ ಇರತಕ್ಕದ್ದು. ಆ ಮೊರೆತವು ಮಂದನಡಿಗೆಯ ೭ ಹೆಜ್ಜೆಗಳಷ್ಟು ಹೊತ್ತು ನಡೆಯಬೇಕು. ಮೆಲ್ಲಗೆ ಪ್ರಾರಂಭವಾಗಿ, ಸಾಧ್ಯವಾದಷ್ಟು ಎತ್ತರಕ್ಕೆ ಏರಿ, ಪುನಃ ಮೆಲ್ಲಗಾಗಬೇಕು. ಏಳನೆಯ ಪೆಟ್ಟಿನವರೆಗೆ ಕೇಳಿಸುತ್ತಲೂ ಇರಬೇಕು. ಅನಂತರ ಒಂದು ಪೆಟ್ಟಿನ ವಿರಾಮ, ಆಮೇಲೆ ಗೀತ. ಮುಂದಿನ ಗಣರಾಜ್ಯ ದಿನದಂದು ಆಕಾಶವಾಣಿಯಲ್ಲಿ ಕೇಳುವಾಗ ವಾಚಕರು ಈ ಏಳು ಪೆಟ್ಟುಗಳನ್ನು ಎಣಿಸಬಹುದು.

ಇಷ್ಟು ಕೇಳಿದ ಮೇಲೆ ಕೆಲವರು, ‘ಇದು ಸುಖದ ನೌಕರಿ, ಬಂದೂಕಿನ ತಂಟೆ ಇಲ್ಲ’ ಎಂದುಕೊಳ್ಳಬಹುದು. ಆ ಭಾವನೆ ಸರಿಯಲ್ಲ. ಪಲ್ಟಣದ ವಾದ್ಯಗಾರನು ಮೊದಲು ಸಿಪಾಯಿ, ಆಮೇಲೆ ವಾದ್ಯಗಾರ. ಕವಾಯತು, ಗುರಿಯ ಅಭ್ಯಾಸ, ಪಹರೆ ಇವು ಯಾವುವೂ ಅವನಿಗೆ ತಪ್ಪಿದುವಲ್ಲ. ಯುದ್ಧ ಬಂದರೆ ತುತೂರಿ ಕ್ಲಾರಿನೆಟ್ಟುಗಳು ಪೆಟ್ಟಿಗೆಯನ್ನು ಸೇರುತ್ತವೆ. ವಾದ್ಯಗಾರನು ಸ್ಟ್ರೆಚರು ಹಿಡಿಯುತ್ತಾನೆ. ಗಾಯಗೊಂಡವರನ್ನು ಗುಂಡಿನ ನಡುವಿನಿಂದ ಎತ್ತಿಕೊಂಡು ಬರುವುದು, ರಕ್ತ ನಿಲ್ಲಿಸಿ ಪಟ್ಟಿ ಕಟ್ಟುವುದು, ವೈದ್ಯರ ಡೇರೆಯವರೆಗೆ ಸಾಗಿಸುವುದು ಅವನ ಪಾಲಿನ ಕೆಲಸ. ಅದಕ್ಕಾಗಿ ಅವನಿಗೆ ಶಾಂತಿಕಾಲದಲ್ಲಿಯೇ ಪ್ರಥಮ ಚಿಕಿತ್ಸೆಯ ಶಿಕ್ಷಣ ಕೊಟ್ಟಿರುತ್ತಾರೆ. ಗಾಯಾಳುವನ್ನು ಹೊತ್ತವನ ಎರಡೂ ಕೈಗಳು ಕಟ್ಟಿಬಿದ್ದಿರುತ್ತವೆ, ಅವನು ಬಗ್ಗಿ ಓಡಲೂ ಬಾರದು. ಇದನ್ನು ಸುಖದ ನೌಕರಿಯೆನ್ನುವವರು ಒಮ್ಮೆ ಯೋಚಿಸಬೇಕು.

ಶಾಂತಿಕಾಲದಲ್ಲಿಯೂ ಅವನಿಗೆ ಒಂದು ಕಠಿನವಾದ ಕೆಲಸವುಂಟು. ಗಡಿಯಲ್ಲಿ ಮಡಿದ ಸೈನಿಕನ ದೇಹ ಹುಟ್ಟಿದ ಹಳ್ಳಿಗೆ ಬರುತ್ತದೆ. ಮರಾಠವಾಡೆಯ ಹಳ್ಳಿಗಳು ಈ ದೃಶ್ಯವನ್ನು ಕಂಡಿವೆ. ಶಾಲೆಯ ಬಯಲಿನಲ್ಲಿಯೋ ಹೊಲದ ಬದುವಿನಲ್ಲಿಯೋ ಜನ ನೆರೆದಿರುತ್ತದೆ. ತಾಯಿಯ ಗೋಳು ಕೇಳುತ್ತಿರುತ್ತದೆ. ಬಂದೂಕಿನ ಮರ್ಯಾದೆಯ ಜೊತೆಗೆ ಬ್ಯೂಗಲಿನವನು ‘ಲಾಸ್ಟ್ ಪೋಸ್ಟ್’ ಎಂಬ ಕರೆಯನ್ನು ಊದುತ್ತಾನೆ. ಮೂಲತಃ ಇದು ರಾತ್ರಿಯ ಪಹರೆಗಳನ್ನು ನೋಡಿಯಾಯಿತು, ದಿನ ಮುಗಿಯಿತು, ಇನ್ನು ವಿಶ್ರಮಿಸಿರಿ ಎಂದು ಸಾರುವ ಕರೆ. ಮಡಿದವನಿಗೂ ಅದನ್ನೇ ಹೇಳುವ ಪದ್ಧತಿ ಬಂದಿದೆ. ಸ್ವಲ್ಪ ಮೌನದ ಬಳಿಕ ‘ರೌಸ್’ ಎಂಬ ಎಚ್ಚರಿಸುವ ಕರೆ. ಬ್ಯೂಗಲು ತುಟಿಯಿಂದ ನುಡಿಯುವ ವಾದ್ಯವೆಂದು ಮೇಲೆ ಹೇಳಿದೆವಷ್ಟೆ. ಕಣ್ಣೀರು ಬಂದು ತುಟಿ ನಡುಗಿತೆಂದರೆ ಸ್ವರ ಒಡೆಯಿತು. ಊರಿಗೆ ಊರೇ ಅಳುತ್ತಿರುವಾಗ ಅಲ್ಲಿ ಅಳಬಾರದವನು ಅವನೊಬ್ಬನೇ. ಅದೂ ಕೆಲವು ಸಲ ತನ್ನ ಪಲ್ಟಣದ ಒಡನಾಡಿಗಾಗಿಯೇ ಊದಬೇಕಾಗಿ ಬರುತ್ತದೆ.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ಇಲ್ಲಿ ವಾದ್ಯಕ್ಕೆ ಬರಗಾಲವಿಲ್ಲ. ತುಳಜಾಪುರದ ಅಂಬೆಯ ಗೋಂದಲಕ್ಕೆ ಸಂಬಳವಾದ್ಯ ಬೇಕು; ಲಗ್ನಕ್ಕೆ ಸನಾದಿ ಬೇಕು; ಜಾತ್ರೆಗೆ ಹಲಿಗೆ, ಡೊಳ್ಳು, ಕರಡಿ ಮಜಲು ಎಲ್ಲವೂ ಬೇಕು. ಆದರೆ ಮಂಗಲಕಾರ್ಯಕ್ಕೆ ವಾದ್ಯ ಬೇಕೆನ್ನುವ ನಾವು ವಾದ್ಯಗಾರನನ್ನು ಮಾತ್ರ ಚಪ್ಪರದ ಹೊರಗೆ ಕೂಡ್ರಿಸುತ್ತ ಬಂದೆವು. ತೊಗಲು ಮುಟ್ಟುವವನೆಂದು ಅವನ ಎಲೆಯನ್ನೂ ಬೇರೆ ಹಾಕಿದೆವು. ಇದರ ಫಲವಾಗಿ ಆ ಮನೆತನಗಳ ಹುಡುಗರು ಶಾಲೆಗೆ ಬಂದರೆ ತಂದೆಯ ವಿದ್ಯೆಯನ್ನು ಮುಚ್ಚಿಡುತ್ತಾರೆ. ಉಳಿದ ಮನೆತನಗಳ ಹುಡುಗನು ಡ್ರಮ್ಮಿನ ಮೇಲೆ ಆಸೆಪಟ್ಟರೆ, ‘ಬಾಜಾದವನಾಗುತ್ತೀಯೇನೋ?’ ಎಂದು ಹಿರಿಯರು ಗದರಿಸುತ್ತಾರೆ. ಪಲ್ಟಣದಲ್ಲಿ ಹೀಗಿಲ್ಲ. ಅಲ್ಲಿ ವಾದ್ಯಗಾರನು ಉಳಿದ ಸಿಪಾಯಿಗಳ ಸಾಲಿನಲ್ಲಿಯೇ ಉಣ್ಣುತ್ತಾನೆ, ಅವರ ವರದಿಯನ್ನೇ ತೊಡುತ್ತಾನೆ, ಅವರಂತೆಯೇ ನಾಯಕ, ಹವಾಲ್ದಾರ, ಸುಬೇದಾರನೆಂದು ಮೇಲೇರುತ್ತಾನೆ. ಪರೇಡಿನಲ್ಲಿ ಅವನ ಸ್ಥಾನ ಎಲ್ಲರಿಗಿಂತ ಮುಂದೆ.

ಗೂರ್ಖಾ ಪಲ್ಟಣದ ರಾಮಸಿಂಗ ಠಾಕೂರರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ. ೧೯೧೪ರಲ್ಲಿ ಜನಿಸಿದ ಅವರು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ, ತರುವಾಯ ಆಜಾದ ಹಿಂದ ಸೇನೆಯನ್ನು ಸೇರಿದರು. ‘ಕದಮ ಕದಮ ಬಢಾಯೇ ಜಾ’ ಎಂಬ ನಡಿಗೆಯ ಗೀತಕ್ಕೆ ಧಾಟಿ ಕಟ್ಟಿದವರು ಅವರೇ. ನೇತಾಜಿಯವರು ಅವರಿಗೆ ಒಂದು ಪಿಟೀಲನ್ನು ಬಹುಮಾನವಾಗಿ ಕೊಟ್ಟಿದ್ದರು. ಯಾವ ಸೇನೆಯ ವಿರುದ್ಧ ಆ ಗೀತ ಹುಟ್ಟಿತೋ ಆ ಸೇನೆಯ ಉತ್ತರಾಧಿಕಾರಿಯಾದ ಸ್ವತಂತ್ರ ಭಾರತದ ಸೇನೆ ಇಂದು ಅದೇ ಧಾಟಿಗೆ ಹೆಜ್ಜೆಯಿಡುತ್ತದೆ. ರಾಮಸಿಂಗರು ೨೦೦೨ರಲ್ಲಿ ದಿವಂಗತರಾದರು.

ಪಾಶ್ಚಾತ್ಯ ವಾದ್ಯಗಳು ನಮ್ಮವರ ಕೈಗೆ ಒಗ್ಗಾವೆ ಎಂಬ ಸಂಶಯವೂ ಕೆಲವರಿಗಿದೆ. ಸ್ಕಾಟ್ಲಂಡದಿಂದ ಬಂದ ಬ್ಯಾಗ್‌ಪೈಪನ್ನೇ ನೋಡಿರಿ. ಬಗಲಲ್ಲಿ ಒಂದು ತಿತ್ತಿ. ಅದರಿಂದ ಎದ್ದ ಮೂರು ಕೊಳವೆಗಳು ಎಡೆಬಿಡದೆ ಶ್ರುತಿ ಹಿಡಿಯುತ್ತವೆ, ಒಂದು ಮಂದ್ರದಲ್ಲಿ, ಎರಡು ಅದರ ಮೇಲಿನ ಸ್ಥಾಯಿಯಲ್ಲಿ. ನುಡಿಸುವ ಕೊಳವೆಯಲ್ಲಿ ಒಂಬತ್ತು ಸ್ವರಗಳು. ಸನಾದಿಯವನೂ ಶ್ರುತಿ ಹಿಡಿಯುವವನೂ ಇಬ್ಬರು ಕೂಡಿ ಮಾಡುವ ಕೆಲಸವನ್ನು ಇಲ್ಲಿ ಒಬ್ಬನೇ ಮಾಡುತ್ತಾನೆ, ಭೇದ ಇಷ್ಟೆ. ಸ್ಯಾಕ್ಸಫೋನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ೧೮೪೬ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯಕ್ಕೆ ಮೊದಲಿಗೆ ಆಶ್ರಯ ಕೊಟ್ಟುದು ಫ್ರೆಂಚ್ ಸೈನ್ಯದ ಬ್ಯಾಂಡುಗಳು. ಸೇನೆಯಿಂದ ಸೇನೆಗೆ ದಾಟುತ್ತ ಅದು ಮೈಸೂರಿನ ಅರಮನೆಯ ಬ್ಯಾಂಡನ್ನು ಸೇರಿತು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು ಎಳೆಯ ವಯಸ್ಸಿನಲ್ಲಿ ಅದನ್ನು ಅಲ್ಲಿ ಕೇಳಿ ಮರುಳಾದರು. ಅನೇಕ ವರ್ಷ ಸಾಧನೆಮಾಡಿ ಕರ್ನಾಟಕ ಸಂಗೀತದ ಗಮಕಗಳೆಲ್ಲ ಅದರಲ್ಲಿ ಮೂಡುವಂತೆ ಮಾಡಿದರು. ೨೦೦೪ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ೨೦೧೯ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಆ ಅರಮನೆಯ ಬ್ಯಾಂಡಿನ ಪರಂಪರೆಯನ್ನು ಇಂದು ಕರ್ನಾಟಕ ಪೋಲೀಸ್ ಬ್ಯಾಂಡು ಮುಂದುವರಿಸಿದೆ. ಅದರಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂಬ ಎರಡು ಮೇಳಗಳಿವೆ. ಸೈನ್ಯದಲ್ಲಲ್ಲದೆ ಪೋಲೀಸು ಇಲಾಖೆಯಲ್ಲಿಯೂ ವಾದ್ಯಗಾರನಿಗೆ ಎಡೆಯುಂಟೆಂಬುದಕ್ಕೆ ಇದು ಸಾಕ್ಷಿ.

ದಿಲ್ಲಿಯಲ್ಲಿ ಜನವರಿ ೨೯ರ ಸಂಜೆ ನಡೆಯುವ ‘ಬೀಟಿಂಗ್ ರಿಟ್ರೀಟ್’ ಸಮಾರಂಭದಲ್ಲಿಯೂ ದೇಶೀಯ ಧಾಟಿಗಳೇ ಮುಂದೆ ಬಂದಿವೆ. ಸೂರ್ಯ ಮುಳುಗಿದಾಗ ನಗಾರಿ ಬಡಿದು ಪಡೆಗಳನ್ನು ಪಾಳೆಯಕ್ಕೆ ಮರಳಿ ಕರೆಯುವ ಹಳೆಯ ವಾಡಿಕೆಯಿಂದ ಹುಟ್ಟಿದ ಈ ಸಮಾರಂಭ ನಮ್ಮಲ್ಲಿ ೧೯೫೦ರ ದಶಕದ ಆರಂಭದಲ್ಲಿ ರೂಢಿಗೆ ಬಂದಿತು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಕ್ರೈಸ್ತ ಪ್ರಾರ್ಥನೆಯೊಂದರ ಧಾಟಿಯನ್ನು ಬಹುಕಾಲ ಅಲ್ಲಿ ನುಡಿಸುತ್ತಿದ್ದರು. ೨೦೨೨ರಲ್ಲಿ ಅದನ್ನು ಬಿಟ್ಟರು. ಬಿಡಬಾರದಿತ್ತೆಂದು ನಮ್ಮ ಅಭಿಪ್ರಾಯ. ಒಳ್ಳೆಯ ಧಾಟಿಗೆ ದೇಶಾಂತರದ ದೋಷ ತಟ್ಟದು.

ಇನ್ನು ಪ್ರವೇಶದ ವಿಷಯ. ನಮಗೆ ಸಮೀಪದ ದೊಡ್ಡ ಸೇನಾಕೇಂದ್ರಗಳಲ್ಲಿ ಒಂದು ಬೆಳಗಾವಿಯಲ್ಲಿದೆ. ಅದು ೧೭೬೮ರಷ್ಟು ಹಿಂದಿನ ಮೂಲವುಳ್ಳ ಮರಾಠಾ ಲಘು ಪದಾತಿ ದಳದ ಕೇಂದ್ರ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ದಳದವರ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಬ್ಯಾಂಡುಗಳು ಇರುತ್ತವೆ. ನೌಕಾಪಡೆ, ವಾಯುಪಡೆಗಳು ಸಂಗೀತಗಾರರಿಗಾಗಿಯೇ ಪ್ರತ್ಯೇಕ ಪ್ರಕಟನೆ ಹೊರಡಿಸಿ ಅರ್ಜಿ ಕರೆಯುತ್ತವೆ. ಹತ್ತನೆಯ ತರಗತಿ ಪಾಸಾಗಿರಬೇಕು, ವಯಸ್ಸು ಹದಿನೇಳೂವರೆ ತುಂಬಿರಬೇಕು, ಅವಿವಾಹಿತರಾಗಿರಬೇಕು; ಇತ್ತೀಚೆಗೆ ಯುವತಿಯರಿಗೂ ಅವಕಾಶ ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ಲಯಜ್ಞಾನ, ಶ್ರುತಿಜ್ಞಾನಗಳನ್ನು ನೋಡುತ್ತಾರೆ. ಒಂದು ವಾದ್ಯವನ್ನು ನುಡಿಸಿ ತೋರಿಸಬೇಕು. ನಮ್ಮ ದೇಶೀಯ ವಾದ್ಯಗಳಿಗೂ ಅಲ್ಲಿ ಮನ್ನಣೆಯುಂಟು. ಓಟ ಮೊದಲಾದ ದೇಹಪರೀಕ್ಷೆ ಎಲ್ಲರಿಗೂ ಇದ್ದದ್ದೇ. ತುಟಿಗಿಟ್ಟು ಊದುವ ಹಿತ್ತಾಳೆಯ ವಾದ್ಯಗಳಿಗೆ ಮುಂದಿನ ಹಲ್ಲುಗಳು ಗಟ್ಟಿಯಾಗಿರಬೇಕು. ತಂಬಾಕಿಗೆ ಬಾಯಿ ಕೊಟ್ಟ ಹುಡುಗರು ಇದನ್ನು ನೆನಪಿಡಲಿ.

ಒಂದು ಸಂಗತಿಯನ್ನು ಪಾಲಕರಿಂದ ಮುಚ್ಚಿಡಲಾಗದು. ಹಿಂದೆ ಸಿಪಾಯಿಯಾಗಿ ಸೇರಿದವನು ಪೂರ್ಣಾವಧಿ ಸೇವೆಮಾಡಿ ಪೆನ್ಶನ್ ಪಡೆದು ಊರಿಗೆ ಬರುತ್ತಿದ್ದನು. ೨೦೨೨ರಲ್ಲಿ ಅಗ್ನಿಪಥ ಯೋಜನೆ ಬಂದ ತರುವಾಯ ಹೊಸಬರನ್ನು ಮೊದಲು ೪ ವರ್ಷಗಳಿಗೆ ಮಾತ್ರ ತೆಗೆದುಕೊಳ್ಳುತ್ತಾರೆ. ಯೋಜನೆ ಪ್ರಕಟವಾದಾಗ ಹೇಳಿದಂತೆ, ಅವರಲ್ಲಿ ನೂರಕ್ಕೆ ೨೫ರವರೆಗೆ ಮಂದಿ ಮಾತ್ರ ಕಾಯಂ ಆಗುವರು. ಉಳಿದವರು ಸುಮಾರು ೧೧.೭೧ ಲಕ್ಷ ರೂಪಾಯಿಗಳ ಸೇವಾನಿಧಿ ಪಡೆದು ಮರಳುವರು, ಅವರಿಗೆ ಪೆನ್ಶನ್ ಇಲ್ಲ. ಸಂಗೀತಗಾರರ ಹುದ್ದೆಗಳಾದರೂ ಹೆಚ್ಚಿರುವುದಿಲ್ಲ. ಹೊಲವನ್ನು ಒತ್ತೆಯಿಟ್ಟು ಮಗನನ್ನು ದೂರದ ತರಬೇತಿಗೆ ಕಳುಹಿಸುವ ಮೊದಲು ಇದನ್ನು ತೂಗಿ ನೋಡಬೇಕು. ಆದರೆ ಬಂದೂಕನ್ನು ಹಿಂದಿರುಗಿಸಿ ಬರುವ ಹುಡುಗನಿಗಿಂತ ಕ್ಲಾರಿನೆಟ್ಟು ಕಲಿತು ಬರುವ ಹುಡುಗನ ಕೈಯಲ್ಲಿ ಒಂದು ಕಸುಬು ಹೆಚ್ಚಾಗಿ ಉಳಿದಿರುತ್ತದೆಂಬುದೂ ನಿಜ. ಪೋಲೀಸು ಬ್ಯಾಂಡುಗಳಿಗೆ, ಶಾಲೆಗಳ ಬ್ಯಾಂಡುಗಳಿಗೆ ಕಲಿಸಬಲ್ಲವರು ಬೇಕಾಗಿಯೇ ಇರುತ್ತಾರೆ.

ಸಂಗೀತಗಾರನಾಗಿ ಮೇಲೇರಬೇಕಾದರೆ ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ ಬರಲೇಬೇಕು. ನಮ್ಮ ಹುಡುಗರಿಗೆ ಕೊರತೆಯಾಗಿರುವುದು ಇದೊಂದೇ. ಕೈಯಲ್ಲಿ ತಾಳವಿದೆ, ಕಿವಿಯಲ್ಲಿ ಸ್ವರವಿದೆ, ಓದು ಮಾತ್ರ ಇಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಎಂದು ಮೂರು ಭಾಷೆಗಳನ್ನು ಆಟವಾಡುತ್ತ ಕಲಿಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಏಳು ಸ್ವರಗಳ ಒಂದು ಲಿಪಿ ಭಾರವಾಗಲಾರದು. ಎಂಟನೆಯ ತರಗತಿಯಿಂದ ವಾರಕ್ಕೆ ಎರಡು ತಾಸು ಮೀಸಲಿಟ್ಟು, ಒಂದು ಕರಿಹಲಗೆಯ ಮೇಲೆ ಐದು ಗೆರೆ ಎಳೆದು ಪ್ರಾರಂಭಿಸಬಹುದು. ಸೇನೆಯ ಬ್ಯಾಂಡಿನಿಂದ ನಿವೃತ್ತರಾಗಿ ನಮ್ಮ ತಾಲೂಕುಗಳಲ್ಲಿ ನೆಲಸಿದವರು ಯಾರಾದರೂ ಇದ್ದರೆ ಗುರುಗಳು ಅವರನ್ನು ಕಂಡು ಶಾಲೆಗೆ ಕರೆತರಬೇಕು. ಹಲಿಗೆಯ ಮನೆಯ ಹುಡುಗನನ್ನು ಆ ತಾಸಿನಲ್ಲಿ ಮೊದಲನೆಯ ಸಾಲಿನಲ್ಲಿ ಕೂಡ್ರಿಸಬೇಕು. ಉಳಿದವರಿಗೆ ಪೆಟ್ಟು ಹೇಳಿಕೊಡಲು ಅವನೇ ಬೇಕಾಗುತ್ತಾನೆ.